ಫ್ರೀಜರಿನಿಂದ ಎದ್ದು ಬಂದ ಹುಳ

ಕಳೆದ ಮಂಗಳವಾರ ಸಂಜೆ ನಾಲ್ಕೂವರೆಗೆ ನಮ್ಮ ಅಡುಗೆಮನೆಯಲ್ಲಿ ಸತ್ತ ಹುಳವೊಂದು ಎದ್ದು ನಡೆಯಿತು.

ಉತ್ಪ್ರೇಕ್ಷೆ ಅಲ್ಲ. ಆರು ತಿಂಗಳಿನಿಂದ ಫ್ರೀಜರಿನ ಮೂಲೆಯಲ್ಲಿ ಕೂತಿದ್ದ ಮಾತ್ರೆ ಬಾಟಲಿ ಅದು. ಒಳಗೆ ಹುಳಗಳು. ಬಾಟಲಿಯನ್ನು ತೆಗೆದು ಅಡುಗೆ ಕಟ್ಟೆಯ ಮೇಲಿಟ್ಟು, ಕಾಫಿ ಮಾಡಿಕೊಂಡು ಕೂತಿದ್ದೆ. ಅರ್ಧ ಲೋಟ ಮುಗಿದಿತ್ತೋ ಇಲ್ಲವೋ, ಟಿಕ್ ಎಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಹಲ್ಲಿ ಇರಬೇಕು ಎಂದುಕೊಂಡೆ. ಹಲ್ಲಿ ಅಲ್ಲ. ಸದ್ದು ಬಾಟಲಿಯೊಳಗಿಂದ ಬರುತ್ತಿತ್ತು.

ಹತ್ತಿರ ಹೋಗಿ ನೋಡಿದೆ. ಬಾಟಲಿಯ ಮೈಯೆಲ್ಲ ಬೆವರಿದ ಹಾಗೆ ನೀರು. ಸೆರಗಿನಿಂದ ಒರೆಸಿದೆ. ಒಳಗೆ ಒಂದು ಹುಳ ಮಗುಚಿ ಬಿದ್ದು ಕಾಲಾಡಿಸುತ್ತಿತ್ತು. ನಾನು ನೋಡುತ್ತಿದ್ದ ಹಾಗೆಯೇ ಹೊರಳಿ, ಸರಿಯಾಗಿ ನಿಂತು, ಮೀಸೆ ತಿರುವಿಕೊಂಡು, ಉಳಿದ ಹುಳಗಳ ಮೇಲೆ ಹತ್ತಿ ನಡೆಯತೊಡಗಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮೊಬೈಲ್ ತೆಗೆದು ವಿಡಿಯೋ ಮಾಡುತ್ತಿದ್ದಿರಿ. ಅಕ್ಕಪಕ್ಕದವರನ್ನು ಕರೆಯುತ್ತಿದ್ದಿರಿ. ದೇವರು ದೊಡ್ಡವನು ಎನ್ನುತ್ತಿದ್ದಿರಿ.

ನನಗೆ ಹೊಟ್ಟೆ ಉರಿಯಿತು.

ಆ ಹುಳವನ್ನು ಫ್ರೀಜರಿಗೆ ಹಾಕಿದ ಮನುಷ್ಯ ಏಳಲಿಲ್ಲ. ಇದು ಎದ್ದಿತಲ್ಲ?

ಈ ಅಂಕಣದ ಹಳೆಯ ಓದುಗರಿಗೆ ನಮ್ಮ ಮನೆಯವರ ಪರಿಚಯ ಬೇಕಿಲ್ಲ. ಐದು ವರ್ಷ ಅವರನ್ನು ಗೇಲಿ ಮಾಡಿಯೇ ಈ ಜಾಗ ತುಂಬಿಸಿದ್ದೇನೆ. ಹೊಸಬರಿಗೆ ಎರಡು ಮಾತು. ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ರೈಟರ್. (ನಮ್ಮಲ್ಲಿ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಕೆಲಸಕ್ಕೆ ಎಂದು ಹಂಚಿ, ಸಂಜೆ ಮ್ಯಾನೇಜರಿಗೆ ವರದಿ ಒಪ್ಪಿಸುವವರು.) ಎಸ್ಟೇಟಿನ ಗೇಟಿನ ಎದುರಿಗೇ ನಮ್ಮ ಮನೆ. ನನ್ನದು ಸ್ವಲ್ಪ ದೂರದಲ್ಲಿ, ಬಸ್ ನಿಲ್ಲುವ ಕಡೆ, ಹೊಲಿಗೆ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿತವಳು ಪತ್ರಿಕೆಗೆ ಬರೆಯುತ್ತಾಳೆ ಎಂದರೆ ಮೊದಲು ನಕ್ಕವರೂ ಅವರೇ, ಪ್ರತಿ ವಾರ ಪೇಪರ್ ಬಂದ ಕೂಡಲೇ ಕಿತ್ತುಕೊಂಡು ಓದಿದವರೂ ಅವರೇ.

ಮೇ ತಿಂಗಳಲ್ಲಿ ಅವರು ಹೋದರು. ಬೆಳಿಗ್ಗೆ ಹಾಜರಿ ಹಾಕಲು ನಡೆದು ಹೋಗುತ್ತಿದ್ದವರು ದಾರಿಯಲ್ಲೇ ಕೂತರು. ಮತ್ತೆ ಏಳಲಿಲ್ಲ.

ಎರಡು ತಿಂಗಳು ನಾನು ಬರೆಯಲಿಲ್ಲ. ಆಮೇಲೆ ಬರೆದೆ. ರವಿಕೆಯ ಹುಕ್ಕಿನ ಬಗ್ಗೆ ಬರೆದೆ, ಬಸ್ಸಿನಲ್ಲಿ ಸೀಟು ಹಿಡಿಯುವವರ ಬಗ್ಗೆ ಬರೆದೆ, ಹಲಸಿನ ಹಣ್ಣಿನ ಬಗ್ಗೆ ಬರೆದೆ. ಅವರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನೀವೂ ಕೇಳಲಿಲ್ಲ. ಅದಕ್ಕೆ ಕೃತಜ್ಞಳು. ಈ ವಾರ ಹುಳ ಬರೆಸುತ್ತಿದೆ.

ಹುಳದ ಕಥೆ ಹೇಳುತ್ತೇನೆ.

ಕಾಫಿ ಬೆಳೆಯುವವರಿಗೆಲ್ಲ ಈ ಹುಳ ಗೊತ್ತು. ಬೋರರ್. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಕಪ್ಪು ಮೈ, ಬೆನ್ನ ಮೇಲೆ ಬೂದು ಬಿಳಿಯ ಪಟ್ಟೆಗಳು. ನೋಡಲು ಚೆಂದವೇ. ಅರೇಬಿಕಾ ಕಾಫಿ ಗಿಡದ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಕಾಂಡವನ್ನು ಒಳಗಿನಿಂದ ಕೊರೆಯುತ್ತಾ ತಿನ್ನುತ್ತದೆ. ಹೊರಗಿನಿಂದ ಗಿಡ ಚೆನ್ನಾಗಿಯೇ ಇರುತ್ತದೆ. ಗೊತ್ತಾಗುವ ಹೊತ್ತಿಗೆ ಕೈ ಮೀರಿರುತ್ತದೆ. ಆಮೇಲೆ ಕಿತ್ತು ಸುಡುವುದೊಂದೇ ದಾರಿ. (ಹೊರಗಿನಿಂದ ನಮ್ಮ ಮನೆಯವರೂ ಚೆನ್ನಾಗಿಯೇ ಇದ್ದರು.)

ವರ್ಷಕ್ಕೆ ಎರಡು ಸಲ, ಬೇಸಿಗೆ ಮಳೆ ಬಿದ್ದ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೋರರ್ ಹಾರಲು ಶುರು ಮಾಡುತ್ತದೆ. ಶುರುವಾಗಿದೆ ಎಂದು ಬಾಯಲ್ಲಿ ಹೇಳಿದರೆ ಮ್ಯಾನೇಜರ್ ಒಪ್ಪುವುದಿಲ್ಲ. ಹುಳ ತೋರಿಸಬೇಕು. ಜೀವಂತ ಹಿಡಿದಿಟ್ಟರೆ ಹಾರಿ ಹೋಗುತ್ತದೆ. ಹೊಸಕಿದರೆ ಯಾವ ಹುಳ ಎಂದೇ ಗೊತ್ತಾಗುವುದಿಲ್ಲ. ಅದಕ್ಕೆ ನಮ್ಮ ಮನೆಯವರು ಕಂಡುಕೊಂಡ ಉಪಾಯ, ನಮ್ಮ ಮನೆಯ ಫ್ರೀಜರ್. ಮಾತ್ರೆಯ ಖಾಲಿ ಬಾಟಲಿಗೆ ಹುಳ ಹಾಕಿ ಒಳಗಿಟ್ಟರೆ ಮರುದಿನಕ್ಕೆ ಮೈ ಮುರಿಯದ, ಕಾಲು ಉದುರದ, ಪಟ್ಟೆ ಅಳಿಸದ ಸಾಕ್ಷಿ ತಯಾರು.

ಒಂದು ಕಡೆ ಪಕ್ಕದ ಮನೆಯಿಂದ ಬಂದ ಹಂದಿ ಮಾಂಸದ ಡಬ್ಬ, ಇನ್ನೊಂದು ಕಡೆ ಬೋರರ್ ಬಾಟಲಿ. ಇದರ ಬಗ್ಗೆ ಇದೇ ಅಂಕಣದಲ್ಲಿ ಬರೆದಿದ್ದೆ, ನೆನಪಿರಬಹುದು. ಅದು ಅಚ್ಚಾದ ದಿನ ಅವರು ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ತಡೆಯಲಾರದೆ ಅಂದರು, "ಅಷ್ಟೆಲ್ಲ ಬರ್ದಿದ್ದೀಯಲ್ಲ, ರೆಕ್ಕೆ ಮುರೀದ ಹಾಗೆ ಬರಿಗೈಯಲ್ಲಿ ಹಿಡಿಯೋದು ಎಷ್ಟು ಕಷ್ಟ ಅಂತ ಯಾಕೆ ಬರೀಲಿಲ್ಲ?"

ಎರಡು ಬೆರಳು ಜೋಡಿಸಿ, ಮೆಲ್ಲಗೆ ಎತ್ತುವುದು ಹೇಗೆ ಎಂದು ತೋರಿಸಿದ್ದರು. ಇಲ್ಲದ ಹುಳವೊಂದನ್ನು ಗಾಳಿಯಲ್ಲೇ ಹಿಡಿದು ನನ್ನ ಅಂಗೈಗೆ ಹಾಕಿದ್ದರು. ಆ ಬೆರಳುಗಳು ನನ್ನ ಕಣ್ಣ ಮುಂದೆಯೇ ಇವೆ.

ಅವರು ಹೋದ ಮೇಲೆ ಫ್ರೀಜರಿನಲ್ಲಿ ಈ ಬಾಟಲಿ ಉಳಿಯಿತು. ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ, ತೋಟದ ಯಾವ ಭಾಗದ್ದು, ಎಷ್ಟು ಎಂದು ನೀಲಿ ಪೆನ್ನಿನಲ್ಲಿ ಬರೆದಿದ್ದಾರೆ: "ಬ್ಲಾಕ್ ೭. ಹುಳ ಮೂರು." ಅವರ ಕೊನೆಯ ಬರಹ ಅದೇ ಇರಬೇಕು. ಅವರ ಕೈ ಮುಟ್ಟಿದ ಕೊನೆಯ ಜೀವಗಳೂ ಅವೇ. ಅವರ ಬಟ್ಟೆ ಕೊಟ್ಟುಬಿಟ್ಟೆ. ಚಪ್ಪಲಿ ಕೊಟ್ಟುಬಿಟ್ಟೆ. ಬಾಟಲಿಯನ್ನು ಎಸೆಯಲು ಕೈ ಬರಲಿಲ್ಲ. ಹೊಸ ಫ್ರಿಜ್ ತಗೋ ಎಂದು ತಂಗಿ ಹೇಳಿದರೆ ಬೇಡ ಎಂದೆ. ಕಾರಣ ಹೇಳಲಿಲ್ಲ. ಸತ್ತ ಮೂರು ಹುಳಕ್ಕಾಗಿ ಹಳೆಯ ಫ್ರಿಜ್ ಇಟ್ಟುಕೊಂಡಿದ್ದೇನೆ ಎಂದು ಯಾರ ಹತ್ತಿರ ಹೇಳುವುದು?

ಹಾಗಿರುವಾಗ ಮಂಗಳವಾರ ಬೆಳಿಗ್ಗೆ ಆನೆಯೊಂದು ಮರ ಬೀಳಿಸಿತು. ಮರ ಲೈನಿನ ಮೇಲೆ ಬಿತ್ತು. ಎಂಟು ಗಂಟೆಗೆ ಹೋದ ಕರೆಂಟ್ ನಾನು ಅಂಗಡಿ ಮುಚ್ಚಿ ಮನೆಗೆ ಬಂದಾಗಲೂ ಬಂದಿರಲಿಲ್ಲ. ಫ್ರಿಜ್ಜಿನ ಕೆಳಗೆ ನೀರು ನಿಂತಿತ್ತು. ಮಾಂಸ ಕೆಡುತ್ತದೆ, ಬೇಯಿಸಿಬಿಡೋಣ ಎಂದು ಫ್ರೀಜರ್ ಖಾಲಿ ಮಾಡಿದೆ. ಬಾಟಲಿಯನ್ನು ಕಟ್ಟೆಯ ಮೇಲಿಟ್ಟೆ. ಮುಂದಿನದು ನಿಮಗೆ ಗೊತ್ತು.

ಗಂಡ ಸತ್ತ ಹೆಂಗಸಿಗೆ ಏನೇನಾಗುತ್ತದೆ ಎಂದು ಬಂದವರೆಲ್ಲ ಹೇಳಿಕೊಟ್ಟರು. ನಿದ್ದೆ ಬರುವುದಿಲ್ಲ ಎಂದರು. ಊಟ ಸೇರುವುದಿಲ್ಲ ಎಂದರು. ಬಾಗಿಲ ಸದ್ದಾದರೆ ಅವರೇ ಬಂದರು ಅನ್ನಿಸುತ್ತದೆ ಎಂದರು. ಹೊಟ್ಟೆಕಿಚ್ಚು ಬರುತ್ತದೆ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ.

ಬರುತ್ತದೆ. ಅಷ್ಟಿಷ್ಟಲ್ಲ.

ಪಕ್ಕದ ಮನೆಯ ಸರಸು ಅಂಗಡಿಗೆ ಬಂದು ಕೂತು, "ಇವರ ಗೊರಕೆಗೆ ನಂಗೆ ನಿದ್ದೆಯೇ ಇಲ್ಲ ನೋಡು. ನಿಂಗೆ ಆ ಕಷ್ಟ ಇಲ್ಲ" ಎಂದು ನಾಲಿಗೆ ಕಚ್ಚಿಕೊಂಡರು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ನಕ್ಕೆ. ಆ ವಾರ ಅವರ ರವಿಕೆಯ ತೋಳು ಅರ್ಧ ಇಂಚು ಬಿಗಿಯಾಯಿತು. ಬೇಕೆಂದು ಮಾಡಿದ್ದಲ್ಲ. (ಬೇಕೆಂದೇ ಮಾಡಿದ್ದು. ಸರಸು, ಕ್ಷಮಿಸಿ. ತನ್ನಿ, ಬಿಚ್ಚಿ ಕೊಡುತ್ತೇನೆ.)

ಬಸ್ಸಿನಲ್ಲಿ ಯಾರೋ ಗಂಡ ಹೆಂಡತಿ ಕಿಟಕಿ ಮುಚ್ಚಬೇಕೋ ಬೇಡವೋ ಎಂದು ಜಗಳ ಆಡುತ್ತಿದ್ದರೆ ನನಗೆ ಕಿಚ್ಚು. ಎಂಬತ್ತು ದಾಟಿದ ಅಜ್ಜನೊಬ್ಬ ತನ್ನ ಪಾಡಿಗೆ ಬಿಸಿಲು ಕಾಯಿಸುತ್ತಾ ಕೂತಿದ್ದರೆ ಕಿಚ್ಚು. ಅವರಿಗೆ ಎಂಬತ್ತು ಸಿಕ್ಕಿತು, ಇವರಿಗೆ ಐವತ್ತಮೂರೇ ಯಾಕೆ? ಇದೆಲ್ಲ ಹೇಳಿಕೊಳ್ಳುವ ಮಾತೇ? ಅಲ್ಲ. ಅದಕ್ಕೇ ಯಾರೂ ಹೇಳುವುದಿಲ್ಲ ಅನ್ನಿಸುತ್ತದೆ.

ಇಷ್ಟು ದಿನ ಮನುಷ್ಯರ ಮೇಲಿತ್ತು. ಮಂಗಳವಾರ ಹುಳದ ಮೇಲೂ ಬಂತು.

ತಂಗಿಯ ಮಗಳು ಕಾವ್ಯಾ ಮಡಿಕೇರಿಯಲ್ಲಿ ಕಾಲೇಜು ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾಳೆ. ಅವಳಿಗೆ ಫೋನ್ ಮಾಡಿದೆ.

"ಫ್ರೀಜರಲ್ಲಿಟ್ಟ ಹುಳ ಬದುಕುತ್ತಾ ಕಾವ್ಯಾ?"

"ಇದೇನು ದೊಡ್ಡಮ್ಮ, ಅಂಕಣಕ್ಕಾ?"

"ಹೇಳು ಸುಮ್ನೆ."

"ಕೆಲವು ಬದುಕ್ತಾವೆ. ಎಲ್ಲ ಅಲ್ಲ."

ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಭೂಮಿಯ ಉತ್ತರದ ತುದಿಯಲ್ಲಿ, ಬರೀ ಹಿಮದ ನಾಡಿನಲ್ಲಿ, ಒಂದು ಕಂಬಳಿಹುಳ ಇದೆಯಂತೆ. ಚಳಿಗಾಲ ಬಂದರೆ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ಉಸಿರಿಲ್ಲ, ಗುಂಡಿಗೆಯ ಬಡಿತ ಇಲ್ಲ. ಮುಟ್ಟಿದರೆ ಗಟ್ಟಿ. ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಬಿಸಿಲು ಬಂದ ಮೇಲೆ ಕರಗಿ, ಎದ್ದು, ಏನೂ ಆಗಿಲ್ಲ ಎಂಬಂತೆ ಎಲೆ ತಿನ್ನಲು ಹೋಗುತ್ತದೆ. ಒಂದು ಸಲ ಅಲ್ಲ, ವರ್ಷಾ ವರ್ಷಾ ಹೀಗೇ. ಚಳಿಗೆ ಮೊದಲೇ ಅದರ ಮೈಯಲ್ಲಿ ಗ್ಲಿಸರಿನ್‌ನಂಥದ್ದು ತಯಾರಾಗುತ್ತದಂತೆ. (ಹೌದು, ನಾವು ಒಡೆದ ತುಟಿಗೆ ಹಚ್ಚುತ್ತೇವಲ್ಲ, ಅದೇ ಜಾತಿ.) ಅದಿದ್ದರೆ ಮೈಯ ಒಳಗಿನ ನೀರು ಮಂಜುಗಡ್ಡೆಯಾದರೂ ಒಳಗಿನ ಸೂಕ್ಷ್ಮ ಭಾಗಗಳು ಹರಿದು ಹೋಗುವುದಿಲ್ಲ. ಇನ್ನು ಕೆಲವು ಹುಳಗಳು ಎಂಥ ಚಳಿಗೂ ಮೈಯ ನೀರನ್ನು ಹೆಪ್ಪುಗಟ್ಟಲೇ ಬಿಡುವುದಿಲ್ಲವಂತೆ.

"ನಮ್ಮ ಬೋರರ್?" ಎಂದೆ.

"ನಮ್ಮ ಹುಳಗಳಿಗೆ ಆ ವಿದ್ಯೆ ಇಲ್ಲ ದೊಡ್ಡಮ್ಮ. ಬೇಕಾಗೇ ಇಲ್ವಲ್ಲ, ಕೊಡಗಲ್ಲಿ ಎಲ್ಲಿ ಹಿಮ ಬೀಳುತ್ತೆ? ಸ್ವಲ್ಪ ತಣ್ಣಗಾದ್ರೆ ಮರಗಟ್ಟಿ ಬೀಳ್ತಾವೆ. ನೋಡಿದ್ರೆ ಸತ್ತ ಹಾಗೇ. ಬೇಗ ಹೊರಗೆ ತೆಗೆದ್ರೆ ಏಳ್ತಾವೆ. ಆದ್ರೆ ನಿಜವಾಗ್ಲೂ ಫ್ರೀಜ್ ಆದ್ರೆ ಮುಗೀತು. ಎಷ್ಟು ಹೊತ್ತು ಒಳಗಿತ್ತು?"

"ಮೇ ತಿಂಗಳಿಂದ."

ಮೇ ಎಂದರೆ ಏನು ಎಂದು ಅವಳಿಗೂ ಗೊತ್ತು.

"ದೊಡ್ಡಪ್ಪ ಇಟ್ಟಿದ್ದಾ?"

"ಹೂಂ."

"ಸಾಧ್ಯ ಇಲ್ಲ ದೊಡ್ಡಮ್ಮ." ದನಿ ಮೆತ್ತಗೆ ಮಾಡಿ ಹೇಳಿದಳು. "ಅದು ಬೇರೆ ಹುಳ. ಆಮೇಲೆ ಒಳಗೆ ಹೋಗಿರ್ಬೇಕು. ಎಷ್ಟಿವೆ ಎಣಿಸಿ ನೋಡಿ."

ಎಣಿಸಿದೆ. ನಾಲ್ಕು. ಪ್ಲಾಸ್ಟರಿನ ಮೇಲೆ ಮೂರು.

"ಮುಚ್ಚಳ ಬಿಗಿಯಾಗಿತ್ತು ಕಾವ್ಯಾ."

"ಹಾಗಾದ್ರೆ ಯಾರೋ ಹಾಕಿದ್ದಾರೆ."

"ಯಾರು ಹಾಕ್ತಾರೆ? ಹಾಕೋರು ಹೋದ್ರಲ್ಲ."

ಫೋನ್ ಇಟ್ಟೆ. ಬರೆಯುವಾಗ ತಪ್ಪಿರಬೇಕು ಎಂದುಕೊಂಡೆ. ಮೂರು ಎಂದು ಬರೆದ ಮೇಲೆ ಇನ್ನೊಂದು ಸಿಕ್ಕಿರಬೇಕು, ತಿದ್ದಲು ಮರೆತಿರಬೇಕು. ಹಾಜರಿ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಿದರೂ ನಡುರಾತ್ರಿ ಎದ್ದು ತಿದ್ದುವ ಮನುಷ್ಯ, ಹುಳದ ಲೆಕ್ಕ ತಪ್ಪುತ್ತಾರೆಯೇ? ಆ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ. ನನಗೆ ಅದು ಅವರ ಹುಳವೇ ಆಗಬೇಕಿತ್ತು. ಅವರದಾದರೆ ಹೊಟ್ಟೆಕಿಚ್ಚು, ಅವರದಲ್ಲದಿದ್ದರೆ ಬರೀ ಹುಳ. ನನಗೆ ಹೊಟ್ಟೆಕಿಚ್ಚೇ ವಾಸಿ ಅನ್ನಿಸಿತು.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ.

ನಮ್ಮ ಮೈದುನ, ಅಂದರೆ ಇವರ ತಮ್ಮ, ಸೈನ್ಯದಲ್ಲಿದ್ದಾರೆ. ಉತ್ತರದ ಯಾವುದೋ ಗಡಿಯಿಂದ ಬರಬೇಕಿತ್ತು. ಅವರು ಬರುವ ತನಕ ಇವರನ್ನು ಇಡಬೇಕಲ್ಲ? ಫ್ರೀಜರ್ ಬಾಕ್ಸ್ ತರಿಸಿದರು. ನೀವೂ ನೋಡಿರುತ್ತೀರಿ, ಈಗ ಎಲ್ಲ ಊರಿನಲ್ಲೂ ಬಾಡಿಗೆಗೆ ಸಿಗುತ್ತದೆ. ಮೇಲೆ ಗಾಜು. ಹಜಾರದ ಗೋಡೆಯ ಪ್ಲಗ್ಗಿಗೆ ವೈರ್. ಒಂದು ರಾತ್ರಿ, ಮಾರನೆಯ ಮಧ್ಯಾಹ್ನದ ತನಕ ಇವರು ಅದರಲ್ಲಿ ಮಲಗಿದ್ದರು. ಅಡುಗೆಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದು, ಹಜಾರದಲ್ಲಿ ಈ ಬಾಕ್ಸಿನ ಗುಂಯ್ ಸದ್ದು. ಎರಡೂ ಒಂದೇ ಥರ.

ಮೈದುನ ಬಂದ ಮೇಲೆ ಸ್ನಾನ ಮಾಡಿಸಲು ಹೊರಗೆ ತೆಗೆದರು. ನೀರು ಕಾಯುವ ತನಕ ಜಗಲಿಯ ಬೆಂಚಿನ ಮೇಲೆ ಮಲಗಿಸಿದ್ದರು. ಅರ್ಧ ಗಂಟೆ ಇರಬಹುದು. ಸೆಕೆಯ ದಿನ. ನೋಡ ನೋಡುತ್ತಾ ಅವರ ಹಣೆಯ ಮೇಲೆ ಹನಿ ಹನಿ ನೀರು ಮೂಡಿತು. ಬೆವರು! ಸೆರಗಿನಿಂದ ಒರೆಸಿದೆ. ಮತ್ತೆ ಮೂಡಿತು. ಮತ್ತೆ ಒರೆಸಿದೆ.

ತಣ್ಣನೆಯ ವಸ್ತುವನ್ನು ಹೊರಗಿಟ್ಟರೆ ನೀರು ಕೂರುತ್ತದೆ ಎಂದು ಏಳನೇ ಕ್ಲಾಸಿನಲ್ಲಿ ನಾನೂ ಓದಿದ್ದೇನೆ. ಆದರೂ ಆ ಅರ್ಧ ಗಂಟೆ ನಾನು ಅವರ ಬೆರಳುಗಳನ್ನೇ ನೋಡುತ್ತಾ ಕೂತಿದ್ದೆ. ಎರಡು ಬೆರಳು ಜೋಡಿಸಿ ಹುಳ ಹಿಡಿಯುತ್ತಿದ್ದ ಆ ಬೆರಳುಗಳನ್ನು. ಒಂದು ಸಲ ಅಲ್ಲಾಡಲಿ ಎಂದು.

ಅಲ್ಲಾಡಲಿಲ್ಲ.

ಗೇಟಿನ ಹತ್ತಿರ ಎಸ್ಟೇಟಿನ ಆಳುಗಳು ನಿಂತಿದ್ದರು. ಅವರಲ್ಲಿ ಮುಂದೆ ನಿಂತವಳು ಸೆಲ್ವಿ. ಬೋರರ್ ಬಿದ್ದ ಗಿಡ ಹುಡುಕುವ ಗ್ಯಾಂಗಿನ ಮೇಸ್ತ್ರಿ, ಹದಿನೈದು ವರ್ಷ ಇವರ ಕೈಕೆಳಗೆ ಕೆಲಸ ಮಾಡಿದವಳು. ಎದೆ ಬಡಿದುಕೊಂಡು ಅತ್ತಳು. ನನಗೆ ಅಳು ಬಂದಿರಲಿಲ್ಲ. ಅವಳು ಅಳುವುದನ್ನು ಕೇಳುತ್ತಾ, ನನಗಿಂತ ಮೊದಲು ಇವಳಿಗೆ ಹೇಗೆ ಬಂತು ಎಂದು ಅಸೂಯೆಪಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

ಮಂಗಳವಾರಕ್ಕೆ ವಾಪಸ್ ಬರುತ್ತೇನೆ. ಸಂಜೆ ಆರೂವರೆಗೆ ಕರೆಂಟ್ ಬಂತು. ಫ್ರಿಜ್ ಗುಂಯ್ ಎಂದಿತು. ಹುಳ ಇನ್ನೂ ಬಾಟಲಿಯ ಗೋಡೆ ಹತ್ತುತ್ತಿತ್ತು, ಜಾರುತ್ತಿತ್ತು, ಹತ್ತುತ್ತಿತ್ತು. ನಾನು ಬಾಟಲಿ ತೆಗೆದುಕೊಂಡು ಮತ್ತೆ ಫ್ರೀಜರಿನೊಳಗೆ ಇಟ್ಟೆ.

"ಈಗ ಎದ್ದು ಬಾ ನೋಡೋಣ" ಎಂದೆ. ಜೋರಾಗಿಯೇ ಎಂದೆ.

ಬಾಗಿಲು ಹಾಕಿದೆ. ಅದು ಗಿಡ ತಿನ್ನುವ ಹುಳ, ಕೊಲ್ಲಲೇಬೇಕಾದ್ದು, ಸರಿ. ಆದರೆ ನಾನು ಗಿಡಕ್ಕಾಗಿ ಇಟ್ಟಿದ್ದಲ್ಲ. ಅದಕ್ಕೆ ಸಿಕ್ಕಿದ್ದು ನನಗೆ ಸಿಗಲಿಲ್ಲ ಎಂದು ಇಟ್ಟೆ. ನಿಮ್ಮ ಮುಂದೆ ಸುಳ್ಳು ಹೇಳಿ ಏನಾಗಬೇಕು?

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ತೆಗೆದು ಕಟ್ಟೆಯ ಮೇಲಿಟ್ಟೆ. ಕಾಫಿ ಕುಡಿದೆ. ಬಾಟಲಿ ಬೆವರಿತು. ಒರೆಸಿದೆ. ಅರ್ಧ ಗಂಟೆ ಕಾದೆ. ಗೋಡೆಯ ಗಡಿಯಾರ ನೋಡಿಕೊಂಡೇ ಕಾದೆ. ನಾಲ್ಕೂ ಹುಳ ಒಂದೇ ಥರ ಬಿದ್ದಿದ್ದವು. ಬಾಟಲಿ ಅಲ್ಲಾಡಿಸಿದೆ. ಒಣಗಿದ ಮೆಣಸಿನಕಾಳಿನ ಸದ್ದು.

ಕಾವ್ಯಾ ಹೇಳಿದ್ದು ಸರಿ. ನಮ್ಮ ಕಡೆಯವುಗಳಿಗೆ ಆ ವಿದ್ಯೆ ಇಲ್ಲ.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಈಗ ನಾಲ್ಕರಲ್ಲಿ ನಿನ್ನೆ ನಡೆದಾಡಿದ್ದು ಯಾವುದು ಎಂದೂ ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಹಿಂಬಾಗಿಲು ದೂಡಿಕೊಂಡು ಸೆಲ್ವಿ ಬಂದಳು. ತಲೆಗೆ ಬಟ್ಟೆ ಕಟ್ಟಿ, ಕೆಲಸಕ್ಕೆ ಹೊರಟವಳು. ಕೈಯಲ್ಲಿ ಬೆಂಕಿಪೊಟ್ಟಣ.

"ಅಕ್ಕಾ, ಎದ್ದಿದ್ದೀರಾ? ಇವತ್ತು ಬರೋ ದಾರೀಲೇ ಎರಡು ಸಿಕ್ತು ನೋಡಿ."

"ಎಂಥದ್ದು?"

"ಬೋರರ್ ಅಕ್ಕಾ. ನಿನ್ನೆ ಒಂದು. ಏಳ್ನೇ ಬ್ಲಾಕಲ್ಲಿ ಹಾರಾಟ ಶುರು ಆಗ್ಯದೆ. ನಿನ್ನೆ ಊಟದ ಹೊತ್ತಲ್ಲಿ ಬಂದೆ, ನೀವು ಅಂಗಡೀಲಿದ್ರಿ. ಸಾರ್ ಬಾಟ್ಲಿ ಅಲ್ಲೇ ಇತ್ತಲ್ಲ, ಹಾಕ್ಬಿಟ್ಟು ಹೋದೆ."

ನಾನು ಕಟ್ಟೆಯ ಮೇಲಿನ ಬಾಟಲಿ ನೋಡಿದೆ. (ನಮ್ಮ ಹಿಂಬಾಗಿಲ ಕೀ ಎಲ್ಲಿರುತ್ತದೆ ಎಂದು ಆಳುಗಳ ಲೈನ್ ಮನೆಗಳಿಗೆಲ್ಲ ಗೊತ್ತು. ನಿಮಗೆ ಹೇಳುವುದಿಲ್ಲ.)

"ನಿನ್ನೆ ಕರೆಂಟ್ ಇರ್ಲಿಲ್ಲ ಸೆಲ್ವಿ."

"ನಂಗೇನು ಗೊತ್ತು? ಒಳಗೆ ಕೈ ಹಾಕಿದ್ರೆ ತಣ್ಣಗೇ ಇತ್ತು."

ಇಷ್ಟೇ ಕಥೆ. ಕರೆಂಟ್ ಇಲ್ಲದ ಫ್ರೀಜರಿನಲ್ಲಿ ನಾಲ್ಕು ಗಂಟೆ ತಣ್ಣಗೆ ಮಲಗಿದ್ದ ಹುಳ. ಸತ್ತೇ ಇರಲಿಲ್ಲ. ಸಾಯದವರು ಏಳುವುದು ದೊಡ್ಡ ಸಂಗತಿಯೇ?

"ಯಾರು ಹೇಳಿದ್ರು ನಿಂಗೆ ತರೋಕೆ? ಹೊಸ ರೈಟರ್ ಇದ್ದಾರಲ್ಲ."

"ಹೊಸ ಸಾರ್ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಬಿಸಾಕು ಅಂತಾರೆ. ಹೆಂಗೆ ಬಿಸಾಕೋದು ಅಕ್ಕಾ? ಹದಿನೈದು ವರ್ಷ ಸಿಕ್ಕಿದ್ದೆಲ್ಲ ಸಾರ್ ಕೈಲಿ ಈ ಮನೆಗೇ ಬಂದಿದ್ದು. ಕಾಲು ಅದಾಗಿ ಇತ್ಲಾಗೆ ಬರ್ತದೆ."

ಕಣ್ಣು ತುಂಬಬೇಕಾದ ಮಾತು. ನನಗೆ ಬಂದದ್ದು ಸಿಟ್ಟು.

"ಆದ್ರೆ ಅದು ಅವರ ಬಾಟ್ಲಿ. ಅದರಲ್ಲಿರೋ ಮೂರೂ ಅವರು ಹಿಡಿದಿದ್ದು. ಅದರ ಜೊತೆ ನಿಂದು ಯಾಕೆ ಬೆರಸಿದೆ? ಈಗ ಅವರದ್ದು ಯಾವುದು, ನಿಂದು ಯಾವುದು ಹೇಗೆ ಹೇಳ್ಲಿ ನಾನು?"

ಸೆಲ್ವಿ ನನ್ನ ಮುಖ ನೋಡಿದಳು. ಬಾಟಲಿ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು.

"ಸಾರ್ ಹಿಡಿದಿದ್ದಾ?"

"ಮತ್ತೆ?"

"ಅಯ್ಯೋ ಅಕ್ಕಾ, ಸಾರ್‌ಗೆ ಹುಳ ಅಂದ್ರೆ ಭಯ! ಒಂದಿನಾನೂ ಮುಟ್ಟಿದ್ದಿಲ್ಲ. ನಾನು ಹಿಡಿದು ಬಾಟ್ಲಿಗೆ ಹಾಕಿ, ಮುಚ್ಚಳ ಗಟ್ಟಿ ಮಾಡಿ ಕೊಟ್ರೆ ಮಾತ್ರ ಕೈಗೆ ತಗೊಳ್ಳೋರು. 'ಸರಿಯಾಗಿ ಮುಚ್ಚಿದ್ದೀಯಾ ಸೆಲ್ವಿ, ಸರಿಯಾಗಿ ಮುಚ್ಚಿದ್ದೀಯಾ' ಅಂತ ನಾಕು ಸಲ ಕೇಳೋರು. ನಿಮ್ಗೆ ಗೊತ್ತಿಲ್ವಾ?"

ಗೊತ್ತಿಲ್ಲ.

ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ. ಜಿರಳೆ ಕಂಡರೆ "ಪಾಪ, ಬಿಡೇ, ಅದಕ್ಕೂ ಜೀವ ಇಲ್ವಾ" ಎಂದು ಬೆಂಚು ಹತ್ತಿ ಕೂರುತ್ತಿದ್ದರು. ನಾನು ಪೊರಕೆ ಹಿಡಿಯುತ್ತಿದ್ದೆ. ಎಂಥ ಕರುಣೆ ಈ ಮನುಷ್ಯನದು ಎಂದು ಎಷ್ಟು ಜನರ ಹತ್ತಿರ ಹೇಳಿದ್ದೇನೆ! ಫ್ರೀಜರಿನಿಂದ ಬಾಟಲಿ ತೆಗೆದರೆ, "ನೀನೇ ಮುಚ್ಚಳ ತೆಗಿ, ನನ್ನ ಕೈ ಗಲೀಜು" ಎನ್ನುತ್ತಿದ್ದರು. ನಾನೇ ತೆಗೆಯುತ್ತಿದ್ದೆ. ಒಂದು ದಿನವಾದರೂ ಹೊಳೆಯಿತೇ ನನಗೆ?

"ಒಂದಿನ ಸಾರ್ ಕಾಲರ್ ಮೇಲೆ ಬಂದು ಕೂತ್ಕೊಂಡ್ತು ಅಕ್ಕಾ" ಸೆಲ್ವಿ ನಿಲ್ಲಿಸುವ ಹಾಗೆ ಇರಲಿಲ್ಲ. "ಅಲ್ಲಾಡ್ಲಿಲ್ಲ, ಉಸಿರಾಡ್ಲಿಲ್ಲ. ಕಂಬದ ಥರ ನಿಂತ್ಕೊಂಡು, ತುಟಿ ಮಾತ್ರ, 'ಸೆಲ್ವೀ... ಸೆಲ್ವೀ...' ಗ್ಯಾಂಗಿಗೆ ಗ್ಯಾಂಗೇ ಬಿದ್ದು ಬಿದ್ದು ನಗ್ತು. ನಾನು ತೆಗೆದು ಹಾಕ್ದೆ. ಆಮೇಲೆ ಎಲ್ಲರ ಹತ್ರಾನೂ ಆಣೆ ಮಾಡಿಸ್ಕೊಂಡ್ರು."

"ಏನಂತ?"

"'ಮನೇಲಿ ಯಾರೂ ಹೇಳ್ಬಾರ್ದು. ಗೊತ್ತಾದ್ರೆ ಅವಳು ಪೇಪರಿಗೆ ಹಾಕ್ತಾಳೆ' ಅಂತ."

ನಾನು ಕೂತೆ. ನಗು ಬಂತು. ನಗುತ್ತಾ ನಗುತ್ತಾ, ಮೇ ತಿಂಗಳಿಂದ ಬಾರದೆ ಇದ್ದದ್ದೂ ಬಂತು. ಸೆಲ್ವಿ ನನ್ನ ತಲೆಯನ್ನು ತನ್ನ ಸೊಂಟಕ್ಕೆ ಒತ್ತಿ ಹಿಡಿದು ನಿಂತಳು. ಅವಳ ಸೀರೆಯಲ್ಲಿ ಕಾಫಿ ಗಿಡದ ತೊಗಟೆಯ ವಾಸನೆ. ಸಂಜೆ ಅವರ ಷರ್ಟಿನಲ್ಲಿ ಬರುತ್ತಿದ್ದ ಅದೇ ವಾಸನೆ.

ಆಗಲೂ ಒಂದು ಕಿಚ್ಚು ಇತ್ತು ಎಂದರೆ ನಂಬುತ್ತೀರಾ? ನನ್ನ ಗಂಡನ ಒಂದು ತುಂಡು, ನನಗೆ ಗೊತ್ತೇ ಇಲ್ಲದ್ದು, ಇಡೀ ಗ್ಯಾಂಗಿನ ಹತ್ತಿರ ಇತ್ತು. ಹದಿನೈದು ವರ್ಷ ಗ್ಯಾಂಗಿನವರು ನಕ್ಕಿದ್ದಾರೆ. ನನಗೆ ಒಂದು ದಿನದ ನಗುವೂ ಕೊಟ್ಟಿಲ್ಲ. ಆದರೆ ಈ ಕಿಚ್ಚು ಬೇರೆ ಥರ ಇತ್ತು. ಸರಸು ಮನೆಯ ಗೊರಕೆಯ ಕಿಚ್ಚಿನ ಹಾಗೆ ಸುಡಲಿಲ್ಲ. ಇನ್ನಷ್ಟು ಬೇಕು ಅನ್ನಿಸಿತು.

ಬಾಟಲಿಯಲ್ಲಿ ಅವರದು ಎಂದು ಇದ್ದದ್ದು ಪ್ಲಾಸ್ಟರ್ ಒಂದೇ. ನೀರು ಹಚ್ಚಿ ಮೆಲ್ಲಗೆ ಬಿಡಿಸಿದೆ. "ಬ್ಲಾಕ್ ೭. ಹುಳ ಮೂರು." ಈಗ ಅದು ನನ್ನ ಹೊಲಿಗೆ ಮೆಷಿನ್ನಿನ ಮೈಮೇಲೆ, ಸೂಜಿಯ ಪಕ್ಕ ಅಂಟಿಕೊಂಡಿದೆ. ನಾಲ್ಕು ಹುಳಗಳನ್ನು ಸೆಲ್ವಿ ಒಲೆಗೆ ಹಾಕಿದಳು. ಬಾಟಲಿ ತೊಳೆದು ಒರೆಸಿ ಅವಳ ಕೈಗೆ ಕೊಟ್ಟೆ. ಬೆಂಕಿಪೊಟ್ಟಣದ ಎರಡನ್ನೂ ಎರಡು ಬೆರಳು ಜೋಡಿಸಿ, ರೆಕ್ಕೆ ಮುರಿಯದ ಹಾಗೆ ಎತ್ತಿ ಒಳಗೆ ಹಾಕಿದಳು. ನಾನು ಆ ಬೆರಳುಗಳನ್ನು ನೋಡಿದೆ. ಅವರು ಗಾಳಿಯಲ್ಲಿ ಮಾಡಿ ತೋರಿಸಿದ್ದು ಯಾರದನ್ನು ನೋಡಿ ಕಲಿತದ್ದು ಎಂದು ಈಗ ಗೊತ್ತಾಯಿತು.

"ಕೂತ್ಕೋ ಸೆಲ್ವಿ, ಕಾಫಿ ಕುಡ್ಕೊಂಡು ಹೋಗು."

"ಹಾಜರಿಗೆ ಹೊತ್ತಾಯ್ತು ಅಕ್ಕಾ."

"ಹೊಸ ಸಾರ್‌ಗೆ ನಾನು ಹೇಳ್ತೀನಿ. ಕೂತ್ಕೋ. ಇನ್ನೂ ಏನೇನು ಮುಚ್ಚಿಟ್ಟಿದ್ರು ಅವರು?"

ಅವಳು ಕೂತಳು. ಎರಡು ಲೋಟ ಕಾಫಿಯಷ್ಟು ಹೇಳಿದಳು. ಉಳಿದದ್ದು ನನ್ನ ಹತ್ತಿರವೇ ಇರಲಿ. ಆಣೆ ಮಾಡಿಸಿಕೊಂಡಿದ್ದ ಈ ಒಂದನ್ನು ಮಾತ್ರ ಮುಚ್ಚಿಡಲಾರೆ.

ಕೇಳಿಸಿತೇನ್ರೀ? ನೀವು ಹೆದರಿದ ಹಾಗೆಯೇ ಪೇಪರಿಗೆ ಹಾಕಿದ್ದೇನೆ. ಸಿಟ್ಟು ಬಂದಿದ್ದರೆ ಎದ್ದು ಬಂದು ಜಗಳ ಆಡಬಾರದೇ?